ಬ್ಯಾಟರಿ ಖಾಲಿಯಾಗುವುದೆಂದರೆ ಏನು?

ಬ್ಯಾಟರಿಯನ್ನು ಎಂದೂ ಪೂರ್ತಿ ಖಾಲಿಯಾಗಲು ಬಿಡಬಾರದೆಂದು ಕೆಲವರು ಹೇಳುತ್ತಾರೆ. ಆಗಾಗ ಪೂರ್ತಿ ಖಾಲಿ ಮಾಡಿದರೇ ಒಳ್ಳೆಯದೆಂದು ಇನ್ನು ಕೆಲವರು ವಾದಿಸುತ್ತಾರೆ. ಇಬ್ಬರ ಮಾತೂ ನಿಜವೇ, ಆದರೆ ಬೇರೆ ಬೇರೆ ಬ್ಯಾಟರಿಗಳ ವಿಷಯದಲ್ಲಿ. ‘ಖಾಲಿ’ ಎಂಬ ಪದವೇ ನಮ್ಮನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ, ಏಕೆಂದರೆ ಬ್ಯಾಟರಿಯೊಳಗೆ ನೀರಿನ ಕೊಡದಂತೆ ಬರಿದಾಗುವುದು ಏನೂ ಇಲ್ಲ. ಅದರೊಳಗಿನ ಎರಡು ಫಲಕಗಳಲ್ಲಿ ಒಂದರ ವಸ್ತುವು ಎಲೆಕ್ಟ್ರಾನುಗಳನ್ನು ಬಿಟ್ಟುಕೊಡಲು ಸಿದ್ಧವಿರುತ್ತದೆ, ಇನ್ನೊಂದರದ್ದು ಅವನ್ನು ಸೆಳೆದುಕೊಳ್ಳಲು ಕಾದಿರುತ್ತದೆ; ನಡುವಿನ ದ್ರಾವಣವು ಅಯಾನುಗಳಿಗೆ (ವಿದ್ಯುದಂಶ ಹೊತ್ತ ಪರಮಾಣು, ಅಣುಗಳಿಗೆ) ಮಾತ್ರ ದಾರಿ ಕೊಡುವುದರಿಂದ ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲೇ ಸುತ್ತಿ ಬರಬೇಕಾಗುತ್ತದೆ. ಆ ಸುತ್ತುದಾರಿಯಲ್ಲಿ ದೀಪ ಉರಿಯುತ್ತದೆ, ಮೋಟಾರು ತಿರುಗುತ್ತದೆ. ಫಲಕಗಳ ವಸ್ತುವು ಬೇರೊಂದು ವಸ್ತುವಾಗಿ ಮಾರ್ಪಟ್ಟು ಮುಗಿದಾಗ ನಾವು ಖಾಲಿಯಾಯಿತು ಎನ್ನುತ್ತೇವೆ. ಯಾವ ವಸ್ತುವಾಗಿ ಮಾರ್ಪಟ್ಟಿತು ಎಂಬುದರ ಮೇಲೆ ಅದರ ಆರೈಕೆಯ ಕ್ರಮ ನಿಂತಿದೆ.

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ರೂಪಿಸಿದ ಸೀಸ-ಆಮ್ಲ ಬ್ಯಾಟರಿಯಲ್ಲಿ ಎರಡೂ ಫಲಕಗಳು ಸೀಸದ ಸಲ್ಫೇಟ್ ಆಗುತ್ತವೆ, ಸಲ್ಫ್ಯೂರಿಕ್ ಆಮ್ಲ ತೆಳುವಾಗುತ್ತ ಹೋಗುತ್ತದೆ. ಆದ್ದರಿಂದಲೇ ಹೈಡ್ರೋಮೀಟರ್ ಇಳಿಸಿ ದ್ರಾವಣದ ಸಾಂದ್ರತೆ ಅಳೆದರೆ ಬ್ಯಾಟರಿಯ ಸ್ಥಿತಿ ಗೊತ್ತಾಗುತ್ತದೆ: ನೀರಿನದು 1 ಎಂದಿಟ್ಟುಕೊಂಡರೆ, ಪೂರ್ತಿ ಚಾರ್ಜಾಗಿದ್ದಾಗ ಸುಮಾರು 1.28, ಇಳಿದಾಗ 1.15ರ ಆಸುಪಾಸು. ಮೊದಲು ನಯವಾದ ಪುಡಿಯಂತಿರುವ ಸಲ್ಫೇಟ್, ಬ್ಯಾಟರಿಯನ್ನು ಹಾಗೆಯೇ ವಾರಗಟ್ಟಲೆ ಬಿಟ್ಟರೆ ದಪ್ಪ ಹರಳುಗಳಾಗಿ ಗಟ್ಟಿಗೊಳ್ಳುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಪೂರ್ತಿಯಾಗಿ ಸೀಸಕ್ಕೆ ಮರಳುವುದಿಲ್ಲ. ಈ ಬ್ಯಾಟರಿಗೆ ಖಾಲಿತನವೇ ರೋಗ.

ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಸ್ವಭಾವ ಇದಕ್ಕೆ ತೀರ ವಿರುದ್ಧ. 1899ರಲ್ಲಿ ಸ್ವೀಡನ್ನಿನ ವಾಲ್ಡೆಮಾರ್ ಯುಂಗ್ನರ್ ರೂಪಿಸಿದ ಇದು, ಎಂಜಿನ್ ಚಾಲೂ ಮಾಡಲು ಬೇಕಾದ ಭಾರಿ ಪ್ರವಾಹವನ್ನು ವೋಲ್ಟೇಜ್ ಹೆಚ್ಚು ಕುಸಿಯದಂತೆ ಒದಗಿಸಬಲ್ಲದು. ಆದ್ದರಿಂದ ಜೆಟ್ ವಿಮಾನಗಳಲ್ಲಿ ದೀರ್ಘಕಾಲದಿಂದ ನೆಲೆಯೂರಿದೆ. ತಲಾ 1.2 ವೋಲ್ಟಿನ 20 ಕೋಶಗಳನ್ನು, ಅಂದರೆ ಬ್ಯಾಟರಿಯ ಬಿಡಿ ಘಟಕಗಳನ್ನು, ಸಾಲಾಗಿ ಜೋಡಿಸಿದರೆ 24 ವೋಲ್ಟ್ ಸಿಗುತ್ತದೆ. ಇದರ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಸಾಂದ್ರತೆ ಹೆಚ್ಚುಕಡಿಮೆ ಬದಲಾಗುವುದೇ ಇಲ್ಲವಾದ್ದರಿಂದ ಹೈಡ್ರೋಮೀಟರ್ ಇಲ್ಲಿ ನಿರುಪಯುಕ್ತ. ವೋಲ್ಟೇಜ್ ಕೂಡ ಕೊನೆಯವರೆಗೂ ಹೆಚ್ಚು ಇಳಿಯದೆ ನಿಂತಿರುವುದರಿಂದ ಅದನ್ನೂ ನೆಚ್ಚುವಂತಿಲ್ಲ. ಬಳಸುತ್ತ ಹೋದಂತೆ ಕೋಶಗಳು ಒಂದಕ್ಕೊಂದು ಹೆಜ್ಜೆ ತಪ್ಪುತ್ತವೆ: ಒಂದು ಪೂರ್ತಿ ತುಂಬಿರುವಾಗ ಪಕ್ಕದ್ದು ಅರೆತುಂಬಿರಬಹುದು. ಆದ್ದರಿಂದ ಬ್ಯಾಟರಿಯನ್ನು ಆಗಾಗ ವಿಮಾನದಿಂದ ಇಳಿಸಿ, ಕಾರ್ಯಾಗಾರದಲ್ಲಿ ಪೂರ್ತಿ ಬಸಿದು, ಪ್ರತಿ ಕೋಶದ ಎರಡು ತುದಿಗಳನ್ನು ಲೋಹದ ಪಟ್ಟಿಯಿಂದ ಕೂಡಿಸಿ ಗಂಟೆಗಟ್ಟಲೆ ಬಿಡುತ್ತಾರೆ. ಎಲ್ಲವೂ ಸೊನ್ನೆಗೆ ಇಳಿದು ಒಂದೇ ಗೆರೆಯಿಂದ ಹೊರಡಲಿ ಎಂಬುದು ಉದ್ದೇಶ. ಸೀಸದ ಬ್ಯಾಟರಿಗೆ ವಿಷವಾದದ್ದು ಇದಕ್ಕೆ ಚಿಕಿತ್ಸೆ.

ನೀರು ಹಾಕುವುದರಲ್ಲೂ ಹೀಗೆಯೇ. ಚಾರ್ಜ್ ಮುಗಿಯುವ ಹೊತ್ತಿಗೆ ಈ ಕೋಶಗಳಲ್ಲಿ ದ್ರಾವಣದ ಮಟ್ಟ ತಾನಾಗಿ ಏರುವುದರಿಂದ, ಬಟ್ಟಿ ಇಳಿಸಿದ ನೀರನ್ನು ಆಗಲೇ ಸೇರಿಸಬೇಕು. ಇಳಿದ ಸ್ಥಿತಿಯಲ್ಲಿ ಅಂಚಿನವರೆಗೆ ತುಂಬಿದರೆ ಚಾರ್ಜ್ ಮಾಡುವಾಗ ಉಕ್ಕಿ ಹೊರಚೆಲ್ಲುತ್ತದೆ. ಎರಡು ಬಗೆಯ ಬ್ಯಾಟರಿಗಳನ್ನು ಒಂದೇ ಕೋಣೆಯಲ್ಲಿ ನೋಡಿಕೊಳ್ಳುವುದೂ ಸಲ್ಲದು. ಒಂದರ ಆಮ್ಲ ಇನ್ನೊಂದರ ಕ್ಷಾರವನ್ನು ಕೆಡಿಸುತ್ತದೆ, ಆಮ್ಲದ ಆವಿಯಾದರೂ ಸಾಕು. ಆಲಿಕೆ, ಸ್ಪ್ಯಾನರ್‌ಗಳು ಕೂಡ ಬೇರೆಯಾಗಿರಬೇಕು.

ವಿಮಾನದ ಬ್ಯಾಟರಿ ಎಂಜಿನ್ನನ್ನು ಚಾಲೂ ಮಾಡಿತೆಂದ ಮಾತ್ರಕ್ಕೆ ಸುಸ್ಥಿತಿಯಲ್ಲಿದೆ ಎನ್ನಲಾಗದು. ಅದರ ನಿಜವಾದ ಪರೀಕ್ಷೆ, ಆಕಾಶದಲ್ಲಿ ಜನರೇಟರ್‌ಗಳೆಲ್ಲ ನಿಂತಾಗ ಅಗತ್ಯ ಉಪಕರಣಗಳನ್ನು ಗೊತ್ತಾದಷ್ಟು ಹೊತ್ತು ನಡೆಸುವುದು. ಆದ್ದರಿಂದ ನಿಗದಿತ ಪ್ರವಾಹದಲ್ಲಿ ಬಸಿದು ಸಾಮರ್ಥ್ಯ ಅಳೆಯುತ್ತಾರೆ; ವಿಮಾನದ ಸೀಸ-ಆಮ್ಲ ಬ್ಯಾಟರಿಯು ಸಾಮಾನ್ಯವಾಗಿ ತನ್ನ ನಮೂದಿತ ಸಾಮರ್ಥ್ಯದ 80 ಅಥವಾ 85 ಪ್ರತಿಶತಕ್ಕಿಂತ ಕೆಳಗಿಳಿದರೆ ಹಾರಾಟಕ್ಕೆ ಯೋಗ್ಯವಲ್ಲ.

1991ರಲ್ಲಿ ಮಾರುಕಟ್ಟೆಗೆ ಬಂದ ಲಿಥಿಯಂ-ಅಯಾನ್ ಕೋಶಕ್ಕೆ ಎರಡು ತುದಿಗಳೂ ಒಗ್ಗುವುದಿಲ್ಲ. ಸುಮಾರು 4.2 ವೋಲ್ಟಿನಲ್ಲಿ ಪೂರ್ತಿ ತುಂಬಿಸಿ ಬಿಸಿಲಲ್ಲಿಟ್ಟರೆ ಬೇಗ ಮುಪ್ಪಾಗುತ್ತದೆ. ತೀರ ಬಸಿದರೆ ಋಣಫಲಕದ ತಾಮ್ರದ ಹಾಳೆ ಕರಗಿ, ಮರಳಿ ಚಾರ್ಜ್ ಮಾಡುವಾಗ ಬೇಡದ ಕಡೆ ಶೇಖರಗೊಂಡು ಒಳಗೇ ಶಾರ್ಟ್ ಆಗಬಹುದು. ಇಂಥ ಕೋಶ ಬೇರೆ ಕಾರಣಗಳಿಂದಲೂ ಒಳಗೆ ಶಾರ್ಟ್ ಆದೀತು. 2013ರ ಜನವರಿಯಲ್ಲಿ ಬಾಸ್ಟನ್ ನಿಲ್ದಾಣದಲ್ಲಿ ನಿಂತಿದ್ದ ಬೋಯಿಂಗ್ 787ರ ಎಂಟು ಕೋಶಗಳ ಬ್ಯಾಟರಿಗೆ ಬೆಂಕಿ ಹತ್ತಿತು. ಒಂದು ಕೋಶದೊಳಗಿನ ಶಾರ್ಟಿನಿಂದ ಹುಟ್ಟಿದ ಶಾಖ ನೆರೆಯ ಕೋಶಗಳಿಗೆ ಹಬ್ಬಿತ್ತು. ಕೆಲವೇ ದಿನಗಳಲ್ಲಿ ಜಪಾನಿನಲ್ಲಿ ಇನ್ನೊಂದು 787 ತುರ್ತಾಗಿ ಇಳಿಯಬೇಕಾಯಿತು, ಆ ಮಾದರಿಯ ವಿಮಾನಗಳೆಲ್ಲ ಹಾರಾಟ ನಿಲ್ಲಿಸಿದವು. ಆಮೇಲೆ ಬ್ಯಾಟರಿಯನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಮುಚ್ಚಿ, ಹೊಗೆ ವಿಮಾನದ ಹೊರಗೆ ಹೋಗುವಂತೆ ಕೊಳವೆ ಅಳವಡಿಸಲಾಯಿತು.

ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ವಿಮಾನದಲ್ಲಿ ಸರಕಾಗಿ ಸಾಗಿಸುವಾಗ ಅವುಗಳ ಚಾರ್ಜ್ 30 ಪ್ರತಿಶತ ಮೀರಬಾರದೆಂಬ ಅಂತರರಾಷ್ಟ್ರೀಯ ನಿಯಮ 2016ರಿಂದ ಜಾರಿಯಲ್ಲಿದೆ. ಚಾರ್ಜ್ ಕಡಿಮೆಯಿದ್ದಷ್ಟೂ ಕೋಶ ಕೆಟ್ಟಾಗ ಹೊಮ್ಮುವ ಶಾಖ ಕಡಿಮೆ; ಹಾಗೆಂದು ಸೊನ್ನೆಗೆ ಇಳಿಸಿ ಕಳುಹಿಸುವಂತಿಲ್ಲ, ತಾಮ್ರ ಕರಗಬಹುದು.