ನೀರಿನಿಂದ ಹೈಡ್ರೋಜನ್ ತೆಗೆಯುವ ಕಿಟ್ ಹಾಕಿಸಿದರೆ ಮೈಲೇಜ್ ಜಾಸ್ತಿ ಆಗುತ್ತಾ?

ಓದುಗರ ಪ್ರಶ್ನೆ: ಕಾರಿನ ಬಾನೆಟ್ ಒಳಗೆ ಒಂದು ಡಬ್ಬಿ ಕೂರಿಸುತ್ತಾರೆ. ಅದಕ್ಕೆ ನೀರು ಹಾಕಿದರೆ ಬ್ಯಾಟರಿ ಕರೆಂಟಿನಿಂದ ಹೈಡ್ರೋಜನ್ ತಯಾರಾಗಿ ಇಂಜಿನ್‌ಗೆ ಹೋಗುತ್ತದಂತೆ, ಪೆಟ್ರೋಲ್ ಉಳಿಯುತ್ತದಂತೆ. ಹಾಕಿಸಿಕೊಂಡವರೂ ಮೈಲೇಜ್ ಬಂತು ಅನ್ನುತ್ತಾರೆ. ಇದು ನಿಜಾನಾ?

ಉತ್ತರ: ಇಲ್ಲ, ಉಳಿಯುವುದಿಲ್ಲ. ಹೈಡ್ರೋಜನ್ ತಯಾರಾಗುವುದು ನಿಜ. ಅದು ಇಂಜಿನ್‌ನಲ್ಲಿ ಉರಿಯುವುದೂ ನಿಜ. ಡಬ್ಬಿಯಲ್ಲಿ ಗುಳ್ಳೆ ಏಳುವುದನ್ನು ಕಣ್ಣಾರೆ ನೋಡಬಹುದು, ಅದನ್ನು ನೋಡಿಯೇ ಎಷ್ಟೋ ಜನ ನಂಬುತ್ತಾರೆ. ಆದರೆ ಆ ಗುಳ್ಳೆ ಎಬ್ಬಿಸುವ ಕರೆಂಟ್ ಎಲ್ಲಿಂದ ಬಂತು? ಅಲ್ಲಿಂದ ಲೆಕ್ಕ ಶುರು ಮಾಡಬೇಕು.

ಡಬ್ಬಿಯೊಳಗೆ ಇರುವುದು ಸ್ಟೇನ್‌ಲೆಸ್ ಸ್ಟೀಲ್ ಪ್ಲೇಟುಗಳು, ನೀರು, ಜೊತೆಗೆ ಕರೆಂಟ್ ಸರಾಗವಾಗಿ ಹರಿಯಲಿ ಅಂತ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಅಥವಾ ಅಡುಗೆ ಸೋಡಾ. ಕರೆಂಟ್ ಕೊಟ್ಟರೆ ನೀರು ಒಡೆದು ಎರಡು ಪಾಲು ಹೈಡ್ರೋಜನ್, ಒಂದು ಪಾಲು ಆಮ್ಲಜನಕ ಬರುತ್ತದೆ. ಈ ಮಿಶ್ರಣಕ್ಕೆ ಎಚ್‌ಎಚ್‌ಒ ಅಂತಲೂ ಬ್ರೌನ್ ಗ್ಯಾಸ್ ಅಂತಲೂ ಹೆಸರಿದೆ. ಒಂದು ಪೈಪ್ ಇದನ್ನು ಇಂಜಿನ್ ಎಳೆದುಕೊಳ್ಳುವ ಗಾಳಿಗೆ ಸೇರಿಸುತ್ತದೆ. ಶಾಲೆಯ ಲ್ಯಾಬಿನಲ್ಲಿ ಮಾಡುವ ನೀರಿನ ವಿದ್ಯುದ್ವಿಭಜನೆಯೇ ಇದು, ಬೇರೇನೂ ಅಲ್ಲ.

ಈಗ ಲೆಕ್ಕ. ಆರು ಸೆಲ್‌ಗಳನ್ನು (ಒಂದೊಂದು ಸೆಲ್ ಅಂದರೆ ನೀರಿನಲ್ಲಿ ಮುಳುಗಿದ ಒಂದು ಪ್ಲೇಟ್ ಜೋಡಿ) ಸಾಲಾಗಿ ಜೋಡಿಸಿದ ಕಿಟ್ 20 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. ಕಾರು ಓಡುವಾಗ ವೋಲ್ಟೇಜ್ ಸುಮಾರು 14. ಅಂದರೆ 280 ವ್ಯಾಟ್ ವಿದ್ಯುತ್. ಒಂದು ಸೆಲ್‌ನಲ್ಲಿ ಒಂದು ಆಂಪಿಯರ್ ಹರಿದರೆ ನಿಮಿಷಕ್ಕೆ ಸುಮಾರು 7 ಮಿಲಿಲೀಟರ್ ಹೈಡ್ರೋಜನ್ ಬರುತ್ತದೆ. ಇದು ಫ್ಯಾರಡೆಯ ನಿಯಮ, ಯಾವ ಕಂಪನಿಯ ಪ್ಲೇಟ್ ಹಾಕಿದರೂ ಬದಲಾಗುವುದಿಲ್ಲ. ಹಾಗಾಗಿ ಈ ಕಿಟ್‌ನಿಂದ ಸಿಗುವುದು ನಿಮಿಷಕ್ಕೆ ಸುಮಾರು 840 ಮಿಲಿಲೀಟರ್. ಅಷ್ಟು ಹೈಡ್ರೋಜನ್ ಉರಿದರೆ ಬರುವ ಶಾಖ ಸುಮಾರು 150 ವ್ಯಾಟ್.

280 ಕೊಟ್ಟು 150 ಪಡೆದೆವು. ಅರ್ಧ ಇಲ್ಲೇ ಹೋಯಿತು. ಆದರೆ ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಆ 280 ವ್ಯಾಟ್ ಕೊಡುವುದು ಆಲ್ಟರ್ನೇಟರ್, ಅದನ್ನು ಬೆಲ್ಟ್ ಮೂಲಕ ತಿರುಗಿಸುವುದು ಇಂಜಿನ್ನೇ. ಆಲ್ಟರ್ನೇಟರ್‌ನ ದಕ್ಷತೆ ಶೇ 60 ಅಂತ ಹಿಡಿದರೂ ಇಂಜಿನ್ ಸುಮಾರು 470 ವ್ಯಾಟ್ ಶಕ್ತಿ ಕೊಡಬೇಕು. ಇಂಜಿನ್ ಪೆಟ್ರೋಲಿನ ಶಾಖದಲ್ಲಿ ಕೆಲಸಕ್ಕೆ ಇಳಿಸುವುದು ಸುಮಾರು ಶೇ 30 ಮಾತ್ರ. ಉಳಿದದ್ದು ರೇಡಿಯೇಟರ್, ಸೈಲೆನ್ಸರ್ ಪಾಲು. ಅಂದರೆ 470 ವ್ಯಾಟ್‌ಗಾಗಿ 1,500 ವ್ಯಾಟ್‌ಗೂ ಜಾಸ್ತಿ ಪೆಟ್ರೋಲ್ ಉರಿಯಬೇಕು. ಇಷ್ಟೆಲ್ಲ ಆಗಿ ಹುಟ್ಟಿದ ಹೈಡ್ರೋಜನ್ ಮತ್ತೆ ಅದೇ ಇಂಜಿನ್‌ನಲ್ಲಿ ಉರಿದಾಗ ಅದರಲ್ಲೂ ಶೇ 30 ಮಾತ್ರ ಕೆಲಸಕ್ಕೆ ಬರುತ್ತದೆ, 45 ವ್ಯಾಟ್. ಪ್ರತಿ ಕೈ ಬದಲಾದಾಗಲೂ ಒಬ್ಬೊಬ್ಬ ದಲ್ಲಾಳಿ ಕಮಿಷನ್ ಹೊಡೆದ ಹಾಗೆ. ಇಂಜಿನ್ ಕೊಟ್ಟದ್ದು 470, ವಾಪಸ್ ಬಂದದ್ದು 45.

ಆಲ್ಟರ್ನೇಟರ್‌ನಲ್ಲಿ ಒಂದು ಚೂರೂ ನಷ್ಟವಿಲ್ಲ, ಡಬ್ಬಿಯಲ್ಲೂ ನಷ್ಟವಿಲ್ಲ ಅಂತಲೇ ಇಟ್ಟುಕೊಳ್ಳೋಣ. ಆಗಲೂ 280ಕ್ಕೆ 280 ಶಾಖ ಬಂದು, ಇಂಜಿನ್ ಅದರಲ್ಲಿ ಮೂರನೇ ಒಂದು ಪಾಲು ಮಾತ್ರ ಬಳಸುತ್ತದೆ. ಡಬ್ಬಿಯನ್ನು ಎಷ್ಟು ಸುಧಾರಿಸಿದರೂ ಲಾಭಕ್ಕೆ ತಿರುಗುವುದಿಲ್ಲ. ಡೀಸೆಲ್ ಗಾಡಿಗೂ ಇದೇ ಲೆಕ್ಕ.

ಕಿಟ್ ಮಾರುವವರಲ್ಲಿ ಸ್ವಲ್ಪ ತಿಳಿದವರು ಇದನ್ನು ಒಪ್ಪಿಕೊಳ್ಳುತ್ತಾರೆ. "ಹೈಡ್ರೋಜನ್ ಇಂಧನ ಅಲ್ಲ ಸಾರ್, ಪೆಟ್ರೋಲ್ ಪೂರ್ತಿ ಉರಿಯೋದಕ್ಕೆ ಸಹಾಯ ಮಾಡುತ್ತೆ" ಅನ್ನುತ್ತಾರೆ. ಈ ವಾದವನ್ನು ಸುಮ್ನೆ ತಳ್ಳಿಹಾಕಬಾರದು, ಇದರಲ್ಲಿ ಒಂದು ಎಳೆ ಸತ್ಯ ಇದೆ. ಹೈಡ್ರೋಜನ್ ಜ್ವಾಲೆ ಪೆಟ್ರೋಲ್ ಜ್ವಾಲೆಗಿಂತ ಎಷ್ಟೋ ಪಟ್ಟು ವೇಗವಾಗಿ ಹರಡುತ್ತದೆ. 1977ರಲ್ಲಿ ನಾಸಾ ಒಂದು ವರದಿಯನ್ನೇ ಪ್ರಕಟಿಸಿತು. ಪೆಟ್ರೋಲ್ ಜೊತೆ ಹೈಡ್ರೋಜನ್ ಬೆರೆಸಿದರೆ, ಗಾಳಿ ಜಾಸ್ತಿ ಪೆಟ್ರೋಲ್ ಕಡಿಮೆ ಇರುವ ತೆಳು ಮಿಶ್ರಣದಲ್ಲೂ ಇಂಜಿನ್ ಓಡುತ್ತದೆ ಅಂತ ಅದರಲ್ಲಿದೆ. ಕಿಟ್ ಮಾರುವವರು ತೋರಿಸುವುದು ಇದನ್ನೇ. ಆದರೆ ಅಲ್ಲಿನ ಹೈಡ್ರೋಜನ್ ಬಂದದ್ದು ಸಿಲಿಂಡರ್‌ನಿಂದ, ಇಲ್ಲವೇ ಮೆಥನಾಲ್‌ನಿಂದ ಹೈಡ್ರೋಜನ್ ತೆಗೆಯುವ ಯಂತ್ರದಿಂದ. ಕಾರಿನ ಆಲ್ಟರ್ನೇಟರ್‌ನಿಂದ ಅಲ್ಲ.

ಪ್ರಮಾಣವನ್ನೂ ನೋಡಿ. 1.2 ಲೀಟರ್ ಇಂಜಿನ್ ನಿಮಿಷಕ್ಕೆ 2,500 ಸುತ್ತು ತಿರುಗುವಾಗ, ಅರ್ಧ ಥ್ರಾಟಲ್‌ನಲ್ಲಿಯೂ ಸುಮಾರು 700 ಲೀಟರ್ ಗಾಳಿ ಎಳೆದುಕೊಳ್ಳುತ್ತದೆ. ಅದರಲ್ಲಿ ನಮ್ಮ ಹೈಡ್ರೋಜನ್ ಒಂದು ಲೀಟರೂ ಇಲ್ಲ, ಸಾವಿರಕ್ಕೆ ಒಂದು ಪಾಲಿನಷ್ಟು. ಇನ್ನು ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ ಅನ್ನುವ ಮಾತು. ಸರಿಯಾಗಿರುವ ಈಗಿನ ಇಂಜಿನ್ ಒಳಹೋದ ಪೆಟ್ರೋಲಿನಲ್ಲಿ ಶೇ 97–98ರಷ್ಟನ್ನು ಸುಟ್ಟೇ ಹೊರಗೆ ಬಿಡುತ್ತದೆ. ಉಳಿದದ್ದನ್ನು ಪೂರ್ತಿ ಸುಟ್ಟರೂ ಶೇ 2–3ಕ್ಕಿಂತ ಜಾಸ್ತಿ ಉಳಿತಾಯ ಎಲ್ಲಿಂದ ಬರಬೇಕು? ಪೋಲಾಗುತ್ತಿರುವುದು ಉರಿಯದ ಪೆಟ್ರೋಲ್ ಅಲ್ಲ, ಉರಿದ ಮೇಲಿನ ಶಾಖ. ಅದನ್ನು ಹೈಡ್ರೋಜನ್ ಹಿಡಿದಿಡಲಾರದು.

ಹಾಗಾದರೆ ಹಾಕಿಸಿಕೊಂಡವರು ಸುಳ್ಳು ಹೇಳುತ್ತಾರಾ? ಹೆಚ್ಚಿನವರು ಪ್ರಾಮಾಣಿಕವಾಗಿಯೇ ಹೇಳುತ್ತಾರೆ. ಕಿಟ್ ಹಾಕಿದ ದಿನವೇ ಏರ್ ಫಿಲ್ಟರ್, ಪ್ಲಗ್ ಬದಲಾಗಿರುತ್ತದೆ, ಟೈರಿಗೆ ಗಾಳಿ ಹೊಡೆದಿರುತ್ತಾರೆ. ದುಡ್ಡು ಹಾಕಿದ ಮೇಲೆ ಮೈಲೇಜ್ ಮೇಲೆ ಕಣ್ಣಿಟ್ಟು ಮೆತ್ತಗೆ ಓಡಿಸುತ್ತಾರೆ. ಕಾಲಿನ ಒತ್ತು ಬದಲಾದರೆ ಸಾಕು, ಮೈಲೇಜ್ ಶೇ 10ರಷ್ಟು ಆಚೀಚೆ ಆಗುವುದು ಮಾಮೂಲು. ಒಂದೇ ಟ್ಯಾಂಕ್ ಲೆಕ್ಕದಲ್ಲಿ ಪಂಪ್ ಎಲ್ಲಿ ಕಟ್ ಆಯಿತು ಅನ್ನುವುದೂ ವ್ಯತ್ಯಾಸ ತರುತ್ತದೆ.

ನನಗೆ ನಿಜವಾಗಿ ಆತಂಕ ತರುವುದು ಕೆಲವು ಕಿಟ್‌ಗಳ ಜೊತೆ ಬರುವ ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆ. ಅದು ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್‌ನ ಸಿಗ್ನಲ್ ತಿರುಚುತ್ತದೆ. ಇಂಜಿನ್‌ಗೆ ಪೆಟ್ರೋಲ್ ಎಷ್ಟು ಬಿಡಬೇಕು ಅಂತ ನಿರ್ಧರಿಸುವ ಕಂಪ್ಯೂಟರ್ (ಇಸಿಯು), ಮಿಶ್ರಣದಲ್ಲಿ ಪೆಟ್ರೋಲ್ ಜಾಸ್ತಿಯಾಯಿತು ಅಂದುಕೊಂಡು ಕಡಿಮೆ ಬಿಡುತ್ತದೆ. ಆಗ ಮೈಲೇಜ್ ಸ್ವಲ್ಪ ಏರಿದರೂ ಏರಬಹುದು, ಆದರೆ ಅದು ಹೈಡ್ರೋಜನ್ ಮಾಡಿದ್ದಲ್ಲ. ಇದರ ಬೆಲೆ ಬೇರೆ ಕಡೆ ತೆರಬೇಕು. ಪೆಟ್ರೋಲ್ ಕಾರಿನ ಹೊಗೆಯಲ್ಲಿನ ವಿಷಾನಿಲ ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಸರಿಯಾಗಿ ಕೆಲಸ ಮಾಡುವುದು, ತೂಕದ ಲೆಕ್ಕದಲ್ಲಿ ಒಂದು ಭಾಗ ಪೆಟ್ರೋಲಿಗೆ 14.7 ಭಾಗ ಗಾಳಿಯ ಆಸುಪಾಸಿನಲ್ಲಿ ಮಾತ್ರ. ಅದು ತಪ್ಪಿದರೆ ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಏರುತ್ತದೆ, ಇಂಜಿನ್ ಮಿಸ್ ಹೊಡೆಯಬಹುದು.

ಅಪಾಯ ಇನ್ನೂ ಇವೆ. ಹೈಡ್ರೋಜನ್, ಆಮ್ಲಜನಕ ಮೊದಲೇ ಬೆರೆತಿರುವ ಗ್ಯಾಸ್ ಒಂದು ಕಿಡಿಗೆ ಸ್ಫೋಟಿಸುತ್ತದೆ. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಗಳು ಪೈಪ್ ಮೂಲಕ ಒಳಗೆ ಹೋದರೆ ಅಲ್ಯೂಮಿನಿಯಂ ಭಾಗಗಳನ್ನು ತಿನ್ನುತ್ತವೆ.

ಇದು ಹಳೇ ಕಥೆಯೂ ಹೌದು. ಅಮೆರಿಕದ ಸ್ಟ್ಯಾನ್ಲಿ ಮೇಯರ್ ನೀರಿನಿಂದಲೇ ಕಾರು ಓಡಿಸುತ್ತೇನೆ ಅಂದಿದ್ದ. 1996ರಲ್ಲಿ ಓಹಾಯೋದ ಕೋರ್ಟ್, ಅವನ ಸಾಧನದಲ್ಲಿ ಹೊಸತೇನಿಲ್ಲ, ಅದು ಸಾಮಾನ್ಯ ವಿದ್ಯುದ್ವಿಭಜನೆ ಅನ್ನುವ ತಜ್ಞರ ಸಾಕ್ಷ್ಯ ಪಡೆದು, ವಂಚನೆ ಅಂತ ತೀರ್ಪು ಕೊಟ್ಟು, ಇಬ್ಬರು ಹೂಡಿಕೆದಾರರಿಗೆ 25,000 ಡಾಲರ್ ಮರಳಿಸಲು ಹೇಳಿತು. 2009ರಲ್ಲಿ ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್, ಮೈಲೇಜ್ ಕನಿಷ್ಠ ಶೇ 50 ಏರುತ್ತದೆ ಅಂತ ಮಾರುತ್ತಿದ್ದ 'ಹೈಡ್ರೋ ಅಸಿಸ್ಟ್ ಫ್ಯೂಯಲ್ ಸೆಲ್' ಜಾಹೀರಾತು ನಿಲ್ಲಿಸಲು ಕೋರ್ಟಿಗೆ ಹೋಯಿತು.

ಟೊಯೋಟಾ ಮಿರಾಯ್ ಥರದ ಹೈಡ್ರೋಜನ್ ಕಾರುಗಳ ವಿಷಯ ಬೇರೆ. ಅವುಗಳಿಗೆ ಹೈಡ್ರೋಜನ್ ಹೊರಗೆ ತಯಾರಾಗಿ, 700 ಬಾರ್ ಒತ್ತಡದ ಟ್ಯಾಂಕಿಗೆ ತುಂಬುತ್ತದೆ.

ಈಗಾಗಲೇ ಹಾಕಿಸಿದ್ದರೆ ನೀವೇ ಪರೀಕ್ಷಿಸಬಹುದು. ಮೊದಲು ಸೆನ್ಸರ್ ಪೆಟ್ಟಿಗೆ ತೆಗೆಸಿ. ಕಿಟ್‌ನ ಸ್ವಿಚ್ ಇನ್ನೊಬ್ಬರ ಕೈಯಲ್ಲಿರಲಿ. ಯಾವ ವಾರ ಆನ್, ಯಾವ ವಾರ ಆಫ್ ಅಂತ ನಿಮಗೆ ಗೊತ್ತಾಗಬಾರದು. ಒಂದೇ ದಾರಿ, ಒಂದೇ ಪಂಪ್ ಇಟ್ಟುಕೊಂಡು ಹಲವು ಟ್ಯಾಂಕ್ ಲೆಕ್ಕ ಬರೆದು, ಕೊನೆಗೆ ಹೋಲಿಸಿ ನೋಡಿ. ಕಿಟ್ ಬಿಚ್ಚಿಸುವಾಗ ಆ ದ್ರಾವಣ ಚರ್ಮಕ್ಕೆ, ಕಣ್ಣಿಗೆ ತಾಗದಂತೆ ಗ್ಲೌಸ್, ಕನ್ನಡಕ ಹಾಕಿಕೊಳ್ಳಲಿ. ಫ್ಯೂಸ್ ಇಲ್ಲದ ವೈರ್ ಬ್ಯಾಟರಿಗೆ ಉಳಿದಿದೆಯಾ ನೋಡಿ ಅದನ್ನೂ ತೆಗೆಸಿ. ಪೈಪ್ ಸೇರಿಸಲು ಕೊರೆದ ತೂತನ್ನು ಗಟ್ಟಿಯಾಗಿ ಮುಚ್ಚಿಸಿ, ಇಲ್ಲದಿದ್ದರೆ ಫಿಲ್ಟರ್ ದಾಟದ ದೂಳು ಗಾಳಿ ನೇರ ಇಂಜಿನ್‌ಗೆ ಹೋಗುತ್ತದೆ.