ರೇಷ್ಮೆ ಒಗೆಯುವುದು: ಒಂದು ಹನಿ ಬಿದ್ದರೆ ಕಲೆ, ಪೂರ್ತಿ ಮುಳುಗಿಸಿದರೆ ಯಾಕಿಲ್ಲ?

ಮೊದಲ ಕೆಲಸ ಲೇಬಲ್ ನೋಡುವುದು. ನೀರಿನ ಟಬ್ಬಿನ ಚಿತ್ರದಲ್ಲಿ ಕೈ ಇದ್ದರೆ ಕೈಯಲ್ಲಿ ಒಗೆಯಬಹುದು. ಟಬ್ಬಿನ ಮೇಲೆ ಕತ್ತರಿ (X) ಗುರುತು ಇದ್ದರೆ ನೀರಿಗೆ ಹಾಕಬಾರದು. ಜರಿ, ಮಣಿ ಕೆಲಸ, ಲೈನಿಂಗ್ ಇರುವ ಕೋಟು, ಮಡಿಕೆಯಲ್ಲಿ ಬಿರಿಯುತ್ತಿರುವ ಹಳೆಯ ಬಟ್ಟೆ ಇವನ್ನೆಲ್ಲ ಡ್ರೈ ಕ್ಲೀನಿಂಗ್‌ಗೆ ಬಿಟ್ಟುಬಿಡಿ. ಉಳಿದದ್ದಕ್ಕೆ ಬಣ್ಣದ ಪರೀಕ್ಷೆ: ಒಳಹೊಲಿಗೆಯ ಅಂಚಿನ ಮೇಲೆ ಒದ್ದೆ ಬಿಳಿ ಹತ್ತಿ ಬಟ್ಟೆ ಒತ್ತಿ ಹಿಡಿಯಿರಿ. ಬಿಳಿಗೆ ಬಣ್ಣ ಹತ್ತಿದರೆ ಅಲ್ಲಿಗೇ ನಿಲ್ಲಿಸಿ.

ಹನಿಯ ಒಗಟು

ನನ್ನ ತಲೆ ಕೆಡಿಸಿದ್ದು ಇದೇ. ರೇಷ್ಮೆ ಮೇಲೆ ಒಂದು ಹನಿ ನೀರು ಬಿದ್ದರೆ ಉಂಗುರದಂಥ ಕಲೆ ಉಳಿಯುತ್ತದೆ. ಅದೇ ಬಟ್ಟೆಯನ್ನು ಟಬ್ಬಿನಲ್ಲಿ ಮುಳುಗಿಸಿ ತೆಗೆದರೆ ಕಲೆ ಇಲ್ಲ. ಅದೇ ನೀರು, ಅದೇ ಬಟ್ಟೆ. ಹಾಗಾದರೆ ನೀರು ರೇಷ್ಮೆಗೆ ಶತ್ರುವೋ ಅಲ್ಲವೋ?

ನೀರಲ್ಲ, ಒದ್ದೆ ಜಾಗದ ಅಂಚು ತೊಂದರೆ ಕೊಡುತ್ತದೆ. ಬಟ್ಟೆಯಲ್ಲಿ ಬರೀ ರೇಷ್ಮೆ ಇರುವುದಿಲ್ಲ. ಹುಳು ಕಟ್ಟಿದ ಗೂಡಿನ ನೂಲಿನ ಮೇಲೆ ಸೆರಿಸಿನ್ ಎಂಬ ಅಂಟು ಇರುತ್ತದೆ. ಗೂಡಿನ ತೂಕದಲ್ಲಿ ಸುಮಾರು ಶೇ. 20ರಿಂದ 30ರಷ್ಟು ಅದೇ. ಬಟ್ಟೆ ತಯಾರಿಸುವಾಗ ಅದರ ಬಹುಪಾಲನ್ನು ತೆಗೆಯುತ್ತಾರೆ, ಚೂರುಪಾರು ಉಳಿಯಬಹುದು. ಜೊತೆಗೆ ಹೊಳಪಿಗೆ, ಬಿಗಿಗೆ ಹಾಕಿದ ಲೇಪ, ಮೇಲೆ ಕೂತ ಧೂಳು. ಹನಿ ಬಿದ್ದಾಗ ನೀರು ಸುತ್ತ ಹರಡುತ್ತಾ ಇದನ್ನೆಲ್ಲ ಕರಗಿಸಿ ಹೊರಕ್ಕೆ ಒಯ್ಯುತ್ತದೆ. ಒದ್ದೆ ಮುಗಿದು ಒಣ ಬಟ್ಟೆ ಶುರುವಾಗುವ ಗೆರೆಯಲ್ಲಿ ನೀರು ಆರಿಹೋಗುತ್ತದೆ, ಹೊತ್ತು ತಂದದ್ದು ಅಲ್ಲೇ ಉಳಿಯುತ್ತದೆ. ಅದೇ ಉಂಗುರ. ಪೂರ್ತಿ ಮುಳುಗಿದ ಬಟ್ಟೆಗೆ ಅಂಥ ಗೆರೆಯೇ ಇಲ್ಲ. ಕರಗಿದ್ದು ಟಬ್ಬಿನ ನೀರಿಗೆ ಹೋಗುತ್ತದೆ.

ಇದು ಹೊಳೆದ ಮೇಲೆ ಅರ್ಧ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ. ಕಲೆಯಾದ ಜಾಗವನ್ನಷ್ಟೇ ಒದ್ದೆ ಮಾಡಿ ಒಣಗಲು ಬಿಡಬಾರದು, ಯಾಕೆಂದರೆ ಅಂಚು ಹುಟ್ಟುತ್ತದೆ. ಇಸ್ತ್ರಿ ಮಾಡುವಾಗ ನೀರು ಚಿಮುಕಿಸಬಾರದು, ಯಾಕೆಂದರೆ ಪ್ರತಿ ಹನಿಗೂ ಒಂದು ಅಂಚು. ಬಟ್ಟೆಯೆಲ್ಲ ಸಮನಾಗಿ ತುಸು ಹಸಿ ಇರುವಾಗಲೇ, ಒಳಮಗ್ಗುಲು ಮೇಲೆ ಮಾಡಿ, ಕಡಿಮೆ ಬಿಸಿಯಲ್ಲಿ ಇಸ್ತ್ರಿ ಆಡಿಸಿಬಿಡಬೇಕು. ಹಳೆಯ ಉಂಗುರ ಇದೆಯಾ? ಪೂರ್ತಿ ಬಟ್ಟೆಯನ್ನು ಒದ್ದೆ ಮಾಡಿ ಒಣಗಿಸಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ಹೋಗಿಬಿಡುತ್ತದೆ.

ಸೋಪು ಯಾವುದು?

ರೇಷ್ಮೆ ಒಂದು ಪ್ರೋಟೀನ್. ಫೈಬ್ರೊಯಿನ್ ಅಂತ ಅದರ ಹೆಸರು. ಸೋಪಿನ ಆಯ್ಕೆಗೆ ಇಷ್ಟು ಗೊತ್ತಿದ್ದರೆ ಸಾಕು.

ರಕ್ತ, ಮೊಟ್ಟೆಯಂಥ ಕಲೆಗಳನ್ನು ತೆಗೆಯಲು ಎಷ್ಟೋ ಡಿಟರ್ಜೆಂಟ್‌ಗಳಲ್ಲಿ ಪ್ರೋಟಿಯೇಸ್ ಎಂಬ ಕಿಣ್ವ ಹಾಕಿರುತ್ತಾರೆ. ಅದರ ಕೆಲಸವೇ ಪ್ರೋಟೀನ್ ಕಡಿಯುವುದು. ಕಲೆ ಯಾವುದು, ಬಟ್ಟೆ ಯಾವುದು ಅಂತ ಅದಕ್ಕೇನು ಗೊತ್ತು? ಡಬ್ಬಿಯ ಹಿಂಭಾಗ ಓದಿ, ಕಿಣ್ವ ಇದ್ದರೆ ಬೇಡ. ಕ್ಲೋರಿನ್ ಬ್ಲೀಚ್ ಅಂತೂ ಹತ್ತಿರಕ್ಕೂ ತರಬೇಡಿ. ಅದು ಬಿಳುಪು ಮಾಡುವುದಿಲ್ಲ, ಹಳದಿ ಮಾಡುತ್ತದೆ. ಜಾಸ್ತಿ ಹೊತ್ತು ಬಿಟ್ಟರೆ ರೇಷ್ಮೆಯೇ ಕರಗಿಹೋಗುತ್ತದೆ.

ಇನ್ನೊಂದು ಕ್ಷಾರ. ಸಾಮಾನ್ಯ ಡಿಟರ್ಜೆಂಟ್ ಪುಡಿ ಕರಗಿಸಿದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, ಸುಮಾರು 10. ತಟಸ್ಥ ಅಂದರೆ 7. ಬರೀ ಮೂರರ ವ್ಯತ್ಯಾಸ ಅಂತ ಅನ್ನಿಸುತ್ತದೆ ಅಲ್ವಾ? ಆದರೆ ಪಿಎಚ್‌ನಲ್ಲಿ ಒಂದೊಂದು ಅಂಕಿಯೂ ಹತ್ತು ಪಟ್ಟು. ಮೂರು ಅಂಕಿ ಅಂದರೆ ಸಾವಿರ ಪಟ್ಟು. ಕ್ಷಾರ ರೇಷ್ಮೆಯ ಹೊಳಪು ಕಳೆಯುತ್ತದೆ, ಎಳೆಯನ್ನು ಬಲಹೀನ ಮಾಡುತ್ತದೆ, ಎಷ್ಟೋ ಬಣ್ಣಗಳ ಹಿಡಿತವನ್ನೂ ಸಡಿಲಿಸುತ್ತದೆ. ಹಾಗಾಗಿ ರೇಷ್ಮೆ, ಉಣ್ಣೆಗೆ ಅಂತಲೇ ಸಿಗುವ ತಟಸ್ಥ ಲಿಕ್ವಿಡ್ ಒಳ್ಳೆಯದು.

ವಿನೆಗರ್ ಬೇಕಾ? ಕಡ್ಡಾಯವೇನಲ್ಲ. ಕೊನೆಗೆ ಜಾಲಿಸುವಾಗ ನಾಲ್ಕು ಲೀಟರ್ ನೀರಿಗೆ ಒಂದೆರಡು ದೊಡ್ಡ ಚಮಚ ಬಿಳಿ ವಿನೆಗರ್ ಹಾಕಿದರೆ ಬಟ್ಟೆಯಲ್ಲಿ ಉಳಿದ ಕ್ಷಾರ ಕಳೆಯುತ್ತದೆ, ಹೊಳಪು ಮರಳುತ್ತದೆ. ಆಮೇಲೆ ಬರೀ ನೀರಲ್ಲಿ ಇನ್ನೊಮ್ಮೆ ಜಾಲಿಸಿ. ಆದರೆ ಬಣ್ಣ ಬಿಡುವ ಬಟ್ಟೆಯನ್ನು ವಿನೆಗರ್ ಸರಿಮಾಡುತ್ತದೆ ಅನ್ನುವುದನ್ನು ನಂಬಬೇಡಿ. ಉಪ್ಪಿನ ಕಥೆಯೂ ಅಷ್ಟೆ.

ಒಗೆಯುವುದು

ಇದು ಐದು ನಿಮಿಷದ ಕೆಲಸ. ತಣ್ಣೀರು, ಹೆಚ್ಚೆಂದರೆ 30 ಡಿಗ್ರಿ ಉಗುರುಬೆಚ್ಚಗಿನ ನೀರು. ಲಿಕ್ವಿಡ್ ಪೂರ್ತಿ ಕಲಸಿದ ಮೇಲೆಯೇ ಬಟ್ಟೆ ಹಾಕಬೇಕು. ಮೆಲ್ಲಗೆ ಅದ್ದಿ ಎತ್ತುವುದು, ಅಷ್ಟೆ. ನೆನೆಹಾಕಿ ಮರೆಯುವಂತಿಲ್ಲ.

ಉಜ್ಜಬಾರದು ಅಂತ ಎಲ್ಲರೂ ಹೇಳುತ್ತಾರೆ, ಕಾರಣ ಹೇಳುವವರು ಕಡಿಮೆ. ಒದ್ದೆಯಾದ ರೇಷ್ಮೆ ತನ್ನ ಬಲದಲ್ಲಿ ಸುಮಾರು ಶೇ. 15ರಿಂದ 20 ಕಳೆದುಕೊಳ್ಳುತ್ತದೆ. ಆ ಹೊತ್ತಲ್ಲಿ ಉಜ್ಜಿದರೆ ಎಳೆಯ ಮೇಲ್ಮೈ ಸಿಬಿರೆದ್ದು ಸೂಕ್ಷ್ಮ ನಾರುಗಳು ಹೊರಬರುತ್ತವೆ. ಒಣಗಿದ ಮೇಲೆ ಆ ಜಾಗ ಬೂದಿ ಬಳಿದಂತೆ ಮಂಕಾಗಿ ಕಾಣುತ್ತದೆ. ಕಲೆ ಇನ್ನೂ ಹೋಗಿಲ್ಲ ಅಂದುಕೊಂಡು ಮತ್ತೆ ಉಜ್ಜಿದರೆ ಮಂಕು ಇನ್ನಷ್ಟು ಹೆಚ್ಚುತ್ತದೆ. ಅದು ಕಲೆಯಲ್ಲ, ಗಾಯ. ಒಗೆದರೆ ಹೋಗುವಂಥದ್ದಲ್ಲ.

ಹಿಂಡುವುದೂ ಬೇಡ. ಒಣ ಟವೆಲ್ ಮೇಲೆ ಹರವಿ, ಟವೆಲ್ ಸಮೇತ ಸುರುಳಿ ಸುತ್ತಿ, ಅಂಗೈಯಿಂದ ಒತ್ತಿ. ನೀರು ಟವೆಲ್‌ಗೆ ಹೋಗುತ್ತದೆ. ಟವೆಲ್ ಬಣ್ಣ ಬಿಡದ್ದಾಗಿರಲಿ, ಬಿಳಿಯದಾದರೆ ಚಿಂತೆಯೇ ಇಲ್ಲ. ಆಮೇಲೆ ನೆರಳಲ್ಲಿ, ಗಾಳಿಯಾಡುವ ಕಡೆ ಹರವಿ. ಬಿಸಿಲಿನ ಅತಿನೇರಳೆ ಕಿರಣ ರೇಷ್ಮೆಯ ಪ್ರೋಟೀನನ್ನೇ ಕೆಡಿಸುತ್ತದೆ. ಬಿಳಿ ರೇಷ್ಮೆ ಹಳದಿಯಾಗುವುದು ಹಾಗೇ.

ಕಂಕುಳ ಜಾಗ

ಬೆವರು ಹಾಗೇ ಒಣಗಿದರೆ ಬಣ್ಣವನ್ನೂ ಎಳೆಯನ್ನೂ ತಿನ್ನುತ್ತದೆ. ಬೆವರು ತಡೆಯುವ ಡಿಯೋಡರೆಂಟ್‌ಗಳಲ್ಲಿರುವ ಅಲ್ಯೂಮಿನಿಯಂ ಲವಣಗಳೂ ಅಷ್ಟೆ. ಅದಕ್ಕೇ ಬಟ್ಟೆ ಮೊದಲು ಹರಿಯುವುದು ಅಲ್ಲಿ. ಹಚ್ಚಿಕೊಂಡದ್ದು ಪೂರ್ತಿ ಒಣಗಿದ ಮೇಲೆ ಬಟ್ಟೆ ತೊಡಿ. ಬೆವರಾಗಿದ್ದರೆ ಅದೇ ದಿನ ಒಗೆಯಿರಿ, ಮುಂದಿನ ವಾರದ ರಾಶಿಗೆ ಸೇರಿಸಬೇಡಿ.