ಕೋಡ್ ಹಾಕಲು ಬೇರೆಯವರಿದ್ದಾರೆ, ಡಾಕ್ಟರಿಗೆ ಯಾಕೆ ತರಬೇತಿ?

ಪ್ರಶ್ನೆ: ನಾನು ವೈದ್ಯೆ. ನಮ್ಮ ಆಸ್ಪತ್ರೆಯಲ್ಲಿ ಐಸಿಡಿ-10 (ಕಾಯಿಲೆಗಳಿಗೆ ಕೋಡ್ ಕೊಡುವ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ) ಬಿಟ್ಟು ಅದರ ಹೊಸ ಆವೃತ್ತಿ ಐಸಿಡಿ-11 ತರುತ್ತಿದ್ದಾರೆ. ಕೋಡ್ ಹಾಕುವುದು ಮೆಡಿಕಲ್ ರೆಕಾರ್ಡ್ಸ್‌ನವರ ಕೆಲಸ. ಆದರೂ ನಾವೂ ತರಬೇತಿಗೆ ಬರಬೇಕಂತೆ. ಯಾಕೆ?

ಉತ್ತರ: ಮೊದಲು ಒಂದು ಭಯ ಬಿಡಿ. ನೀವು ಕೋಡ್‌ಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಐಸಿಡಿ-11ರಲ್ಲಿ ಸುಮಾರು 17,000 ರೋಗವರ್ಗಗಳಿವೆ, ಅಷ್ಟು ಯಾರ ತಲೆಯಲ್ಲೂ ನಿಲ್ಲುವುದಿಲ್ಲ. ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯೇ ಆನ್‌ಲೈನಿನಲ್ಲಿ ಉಚಿತ ವ್ಯವಸ್ಥೆ ಇಟ್ಟಿದೆ. ನೀವು ಕಲಿಯಬೇಕಾದದ್ದು ಕೇಸ್ ಶೀಟ್ ಬರೆಯುವ ರೀತಿಯನ್ನು.

ಒಂದು ಡಿಸ್ಚಾರ್ಜ್ ಸಮ್ಮರಿ ನೋಡೋಣ. ಅದರಲ್ಲಿ ‘ಮುಂಗೈ ಮೂಳೆ ಮುರಿತ’ ಅಂತಷ್ಟೇ ಇದೆ. ಅದಕ್ಕೆ ಮೂಲ ಕೋಡ್ ಎನ್‌ಸಿ32. ಐಸಿಡಿ-11ರ ವಿಶೇಷ ಅಂದರೆ, ಈ ಮೂಲ ಕೋಡಿಗೆ ಇನ್ನಷ್ಟು ವಿವರ ಪೋಣಿಸಬಹುದು. ಎಡಗೈ ಆದರೆ ಎಕ್ಸ್‌ಕೆ8ಜಿ ಸೇರುತ್ತದೆ. ಯಾವ ಮೂಳೆ, ಎಲ್ಲಿ ಮುರಿದಿದೆ, ಗಾಯ ತೆರೆದಿದೆಯಾ, ಬಿದ್ದದ್ದು ಹೇಗೆ, ಇವಕ್ಕೂ ಜಾಗ ಇದೆ. ಆದರೆ ಎಡವೋ ಬಲವೋ ನೀವು ಬರೆದೇ ಇಲ್ಲ! ಕೋಡರ್ ಎಕ್ಸ್‌ರೇ ನೋಡಿ ತಾನೇ ತೀರ್ಮಾನ ಮಾಡುವಂತಿಲ್ಲ, ಅದು ವೈದ್ಯರ ಕೆಲಸ. ಹಾಗಾಗಿ ಫೈಲ್ ನಿಮ್ಮ ಟೇಬಲ್‌ಗೆ ವಾಪಸ್ ಬರುತ್ತದೆ. ಬಿಡುವಿಲ್ಲ ಅಂತ ನೀವು ಉತ್ತರಿಸದಿದ್ದರೆ ‘ನಿರ್ದಿಷ್ಟವಾಗಿಲ್ಲ’ ಅನ್ನುವ ಕೋಡ್ ಬೀಳುತ್ತದೆ. ಇಂಥವು ಜಾಸ್ತಿಯಾದಷ್ಟೂ ಯಾವ ಕಾಯಿಲೆ ಎಷ್ಟು ಜನರಿಗಿದೆ ಅನ್ನುವ ಲೆಕ್ಕ ಮಸುಕಾಗುತ್ತದೆ. ಪೇಷೆಂಟನ್ನು ಮುಟ್ಟಿ ನೋಡಿದವರು ನೀವು. ‘ಎಡ’ ಅಥವಾ ‘ಬಲ’ ಅನ್ನುವ ಆ ಎರಡಕ್ಷರ ನಿಮ್ಮಿಂದಲೇ ಬರಬೇಕು, ಅಲ್ವಾ?

ಹಳೇ ರೂಢಿಯೂ ಕೈಕೊಡುತ್ತದೆ. ಐಸಿಡಿ-10ಕ್ಕೆ ವಿಶ್ವ ಆರೋಗ್ಯ ಸಭೆ ಒಪ್ಪಿಗೆ ಕೊಟ್ಟದ್ದು 1990ರಲ್ಲಿ. ಅದರಲ್ಲಿ ಪಾರ್ಶ್ವವಾಯು ರಕ್ತಪರಿಚಲನೆಯ ಅಧ್ಯಾಯದಲ್ಲಿತ್ತು. 2022ರ ಜನವರಿ 1ರಿಂದ ಜಾರಿಗೆ ಬಂದ ಐಸಿಡಿ-11ರಲ್ಲಿ ಅದು ನರಮಂಡಲದ ಅಧ್ಯಾಯಕ್ಕೆ ಹೋಗಿದೆ. ಟೈಪ್ 2 ಡಯಾಬಿಟಿಸ್‌ನ ಇ11 ಈಗ 5ಎ11. ಹಳೆಯದರ ಅಭ್ಯಾಸದಲ್ಲೇ ಹುಡುಕಿದರೆ ಸಿಗುವುದಿಲ್ಲ.

ತರಬೇತಿ ಹೇಗಿರಬೇಕು ಅಂತ ಕೇಳುವ ಹಕ್ಕು ನಿಮಗಿದೆ. ಇಡೀ ದಿನ ಸ್ಲೈಡ್ ತೋರಿಸಿದರೆ ಸುಮ್ನೆ ಸಮಯ ಹಾಳು. ಮೂಳೆ ವಿಭಾಗಕ್ಕೂ ಹೆರಿಗೆ ವಿಭಾಗಕ್ಕೂ ಒಂದೇ ಪಾಠ ಸಾಲುವುದಿಲ್ಲ. ನಿಮ್ಮದೇ ವಾರ್ಡಿನ ಹಳೇ ಫೈಲ್ ಹತ್ತು ತೆಗೆಸಿ. ಕೋಡರ್ ಪಕ್ಕದಲ್ಲಿ ಕೂತು ಕೋಡ್ ಹಾಕಲಿ, ಎಲ್ಲಿ ತಡವರಿಸುತ್ತಾರೆ ಅಂತ ನೀವು ನೋಡಿ. ನನ್ನ ಪ್ರಕಾರ ಇದಕ್ಕಿಂತ ಒಳ್ಳೇ ಪಾಠ ಇಲ್ಲ. ಇದನ್ನು ಹೊಸ ವ್ಯವಸ್ಥೆ ಶುರುವಾಗುವ ಸ್ವಲ್ಪ ಮುಂಚೆ ಮಾಡಿಸಿ. ಆರು ತಿಂಗಳು ಮುಂಚೆ ಕಲಿತರೆ ಅಷ್ಟರಲ್ಲಿ ಮರೆತಿರುತ್ತೀರಿ.

ಅಲ್ಲಿವರೆಗೂ ಕಾಯಬೇಕಿಲ್ಲ. ನಿಮ್ಮ ವಾರ್ಡಿನಿಂದ ಯಾವ ವಿವರ ಹೆಚ್ಚಾಗಿ ಬಿಟ್ಟುಹೋಗುತ್ತದೆ ಅಂತ ರೆಕಾರ್ಡ್ಸ್‌ನವರನ್ನು ಇವತ್ತೇ ಕೇಳಿ.